ಮರಿ ಎಷ್ಟೆಂದು ಹೇಳದ ಕೈ

ಬೆಳಕು ಹರಿಯುವ ಮುನ್ನವೇ ಪಶು ಆಸ್ಪತ್ರೆಯ ಹಿಂಬಾಗಿಲು ತೆರೆಯುತ್ತದೆ. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಆಯಾ ಆಗಿರುವವರು ರವಿಕೆಯ ತೋಳು ಮೇಲಕ್ಕೆ ಮಡಚಿ ಬೋನುಗಳನ್ನು ಫಿನಾಯಿಲ್ ನೀರಿನಲ್ಲಿ ಒರೆಸುತ್ತಿದ್ದಾರೆ. ಎಲ್ಲರ ಬಾಯಲ್ಲೂ ಇವರು 'ಬೆಕ್ಕಿನಕ್ಕ'. ಕೈತುಂಬಾ ಇರುವ ಪರಚುಗಾಯಗಳೇ ಇವರ ಗುರುತಿನ ಚೀಟಿ.

ಅಷ್ಟರಲ್ಲಿ ಗೃಹಿಣಿಯೊಬ್ಬರು ಬುಟ್ಟಿ ಹಿಡಿದು ಬರುತ್ತಾರೆ. ಒಳಗೆ ಹೊಟ್ಟೆ ಉಬ್ಬಿದ ಬೂದು ಬೆಕ್ಕು.

"ಅಕ್ಕಾ, ಇದು ಬಸುರಿ. ಎರಡು ದಿನದಿಂದ ಏನೂ ತಿಂದಿಲ್ಲ. ಮರಿ ಎಷ್ಟಿವೆ, ಸ್ವಲ್ಪ ಮುಟ್ಟಿ ನೋಡಿ."

ಬೆಕ್ಕಿನಕ್ಕ ಹೊಟ್ಟೆ ಮುಟ್ಟುವುದಿಲ್ಲ. ಬಾಲ ಎತ್ತಿ ನೋಡುತ್ತಾರೆ, ಮೂಸುತ್ತಾರೆ. ಮುಖ ಕಪ್ಪಿಡುತ್ತದೆ.

"ಬೆದೆಗೆ ಬಂದು ಕೂಗ್ತಿದ್ದಾಗ ಏನ್ ಮಾಡಿದ್ರಿ?"

"ಅಕ್ಕಪಕ್ಕದವ್ರ ಬೈಗುಳ ತಡೆಯೋಕಾಗ್ಲಿಲ್ಲ. ಕೂಗು ನಿಲ್ಲೋಕೆ ಅಂತ ಅಂಗಡಿಯಿಂದ ಮಾತ್ರೆ ತಂದು ಹಾಕ್ತಿದ್ವಿ. ಒಂದ್ಸಲ ತಪ್ಪಿಸ್ಕೊಂಡೂ ಹೋಗಿತ್ತು."

ಬೆಕ್ಕಿನಕ್ಕ ಆಗಲೇ ವೈದ್ಯರಿಗೆ ಫೋನ್ ಮಾಡಿದ್ದಾರೆ. "ಸಾರ್, ಗರ್ಭಕೋಶದಲ್ಲಿ ಕೀವು ಅನ್ಸುತ್ತೆ. ಬೇಗ ಬನ್ನಿ."

ಹೊಟ್ಟೆ ಮುಟ್ಟಿ ಮರಿ ಎಣಿಸುವುದರಲ್ಲಿ ಒಂದು ಕಾಲಕ್ಕೆ ಇವರದು ಎತ್ತಿದ ಕೈ. ವೈದ್ಯರು ಬರುವ ಮೊದಲೇ ಲೆಕ್ಕ ಹೇಳಿ ಬೀಗುತ್ತಿದ್ದರು. ಹನ್ನೆರಡು ವರ್ಷದ ಹಿಂದೆ ಹಾಗೆಯೇ ಒಬ್ಬ ಮೇಷ್ಟ್ರಿಗೆ "ನಾಲ್ಕು ಮರಿ" ಎಂದು ಹೇಳಿ ಮನೆಗೆ ಕಳಿಸಿದರು. ಮೂರನೇ ದಿನ ಬೆಕ್ಕು ಸತ್ತಿತು. ಒಳಗಿದ್ದದ್ದು ಬರೀ ಕೀವು. "ಮೇಷ್ಟ್ರು ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು" ಎನ್ನುತ್ತಾರೆ. ಅಂದಿನಿಂದ ಸ್ಕ್ಯಾನ್ ಆಗದೆ ಇವರ ಬಾಯಿಂದ 'ಬಸುರಿ' ಎಂಬ ಮಾತು ಹೊರಡುವುದಿಲ್ಲ.

ದಿನಕ್ಕೆ ಎಂಟು ಹತ್ತು ಬೆಕ್ಕು ಬರುತ್ತವೆ. ನೆಲದಲ್ಲಿ ಹೊರಳುತ್ತೆ, ಅರಚುತ್ತೆ, ಹೊಟ್ಟೆನೋವಿರಬೇಕು ಎಂದು ಹೊತ್ತು ತರುವವರೇ ಅರ್ಧಕ್ಕರ್ಧ. "ಅದು ನೋವಲ್ಲ, ಬೆದೆ. ಒಂದು ವಾರ ಕೂಗುತ್ತೆ, ಹದಿನೈದು ದಿನಕ್ಕೆ ಮತ್ತೆ ಶುರು. ಕೂಗು ನಿಲ್ಲೋ ಮಾತ್ರೆ ಹಾಕ್ಬೇಡಿ, ಗರ್ಭಕೋಶದಲ್ಲಿ ಕೀವು ಕಟ್ಟುತ್ತೆ; ಕಿಟಕಿ ಭದ್ರ ಮಾಡಿ, ಮರಿ ಆಗ್ದಂಗೆ ಆಪರೇಷನ್ ಮಾಡ್ಸಿ ಅಂತ ಹೇಳೀ ಹೇಳೀ ಬಾಯಿ ಬತ್ತಿ ಹೋಯ್ತು. ಯಾರ್ ಕೇಳ್ತಾರೆ?" ಎನ್ನುತ್ತಾರೆ ಬೆಕ್ಕಿನಕ್ಕ.

ವೈದ್ಯರು ಓಡೋಡಿ ಬರುತ್ತಾರೆ. ಬೆಕ್ಕಿನಕ್ಕ ಮೇಜಿನ ಪಕ್ಕ ನಿಂತು ಬೂದು ಬೆಕ್ಕಿನ ತಲೆ ಹಿಡಿದುಕೊಳ್ಳುತ್ತಾರೆ. ಮುಕ್ಕಾಲು ಗಂಟೆಯಲ್ಲಿ ಅದರ ಉಸಿರು ನಿಲ್ಲುತ್ತದೆ. ಕಣ್ಣು ಮುಚ್ಚಿಸಿ, ಮೈ ಒರೆಸಿ, ಬಟ್ಟೆ ಸುತ್ತಿ ಹೊರಗೆ ತರುವುದೂ ಇವರದೇ ಕೆಲಸ. ಅದಕ್ಕೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ.

"ನಾನ್ ಹಾಕಿದ ಮಾತ್ರೆಯಿಂದಲೇನಾ ಅಕ್ಕಾ?" ಗೃಹಿಣಿ ಕೇಳುತ್ತಾರೆ.

ಇಲ್ಲ ಎಂದುಬಿಡಬಹುದು. ಸುಳ್ಳು ನಾಲಿಗೆ ತುದಿಗೂ ಬಂದಿದೆ. "ಅದೇ ಕಾರಣ ಇರ್ಬೇಕಮ್ಮಾ" ಎನ್ನುತ್ತಾರೆ.

ಆಕೆ ಅಲ್ಲೇ ಕುಸಿದು ಕೂರುತ್ತಾರೆ. "ಇದರ ತಂಗಿ ಮನೇಲಿದೆ. ಅದಕ್ಕೂ ಇವತ್ತು ಬೆಳಗ್ಗೆ ಅದೇ ಮಾತ್ರೆ ಹಾಕಿ ಬಂದೆ."

ಬೆಕ್ಕಿನಕ್ಕ ರಟ್ಟೆ ಹಿಡಿದು ಎಬ್ಬಿಸುತ್ತಾರೆ. "ಅಳೋದು ಆಮೇಲೆ. ಹೋಗಿ ಕರ್ಕೊಂಡು ಬನ್ನಿ. ಡಾಕ್ಟರನ್ನ ನಾನು ಎಲ್ಲೂ ಕಳಿಸಲ್ಲ."