ಹಿಂಬದಿಯ ದಾರ

ಹೋದ ವಾರ ಅಟ್ಟದಿಂದ ಟೆಂಟಿನ ಚೀಲ ಕೆಳಗಿಳಿಸಿ ಬಾಯಿ ಬಿಚ್ಚಿದೆ. ಮೊದಲು ಹೊರಗೆ ಬಂದದ್ದು ಟೆಂಟಲ್ಲ, ವಾಸನೆ. ಸರೇಸಿನ ವಾಸನೆ. ಬಣ್ಣ ಬಟ್ಟೆಗೆ ಕಚ್ಚಿಕೊಳ್ಳಲಿ ಅಂತ ಕಾಯಿಸಿ ಬೆರೆಸುವ ಅಂಟು ಅದು. ಒಣಗಿದ್ದರೆ ತನ್ನ ಪಾಡಿಗೆ ತಾನಿರುತ್ತದೆ; ಒಂದು ಸಲ ನೆನೆಯಿತೋ, ಯಾರೋ ಹಳೇ ಚಪ್ಪಲಿ ಬೇಯಿಸುತ್ತಿದ್ದಾರೆ ಅನ್ನಿಸುತ್ತದೆ. ಟೆಂಟಿನ ಒಂದು ಪಕ್ಕದಲ್ಲಿ ಗುಲಾಬಿ ಕಲೆ ಇನ್ನೂ ಹಾಗೇ ಇತ್ತು. ಒಂದು ಕಾಲಕ್ಕೆ ಅದು ಅರಮನೆಯ ಕಂಬ.

ಪರದೆ ತಾತ ನೆನಪಾದರು…

ನಮ್ಮ ಪಕ್ಕದ ಮನೆಯವರು. ಹಾಸನದ ಕಡೆಯಿಂದ ಬಂದು ಕುಶಾಲನಗರದ ಸುತ್ತ ನೆಲೆ ನಿಂತ ಒಕ್ಕಲು ಮನೆಗಳೇ ನಮ್ಮೂರಿನಲ್ಲಿ ಹೆಚ್ಚು. ಬರುವಾಗ ನೇಗಿಲಿನ ಜೊತೆಗೆ ಪೌರಾಣಿಕ ನಾಟಕದ ಹುಚ್ಚನ್ನೂ ಗಾಡಿಗೆ ಹೇರಿಕೊಂಡು ಬಂದವರು. ಶಿವರಾತ್ರಿ ಕಳೆದರೆ ಸಾಕು, ಹೊಲದಲ್ಲಿ ಶುಂಠಿ ಅಗೆಯುತ್ತಿದ್ದವನು ಸಂಜೆಗೆ ಕಿರೀಟ ಇಟ್ಟುಕೊಂಡು ಕಂದಪದ್ಯ ಎಳೆಯುತ್ತಿದ್ದ. ತಾತ ಆ ನಾಟಕಗಳಿಗೆಲ್ಲ ಸೀನರಿ ಕಟ್ಟುತ್ತಿದ್ದರು. ಅರಮನೆ, ಕಾಡು, ಹೂದೋಟ, ಸ್ಮಶಾನ, ಬೀದಿ ಅಂತ ಐದು ಪರದೆ. ಮೀಸೆ ಕಪ್ಪಗಿದ್ದ ಕಾಲದಲ್ಲಿ ತಮ್ಮ ಕೈಯಲ್ಲೇ ಬರೆದದ್ದು. ನಾನು ನೋಡುವ ಹೊತ್ತಿಗೆ ಆ ಕೈ ನಡುಗುತ್ತಿತ್ತು. ಟೀ ಲೋಟ ಹಿಡಿದರೆ ಅರ್ಧ ಪಂಚೆಗೆ. ಇನ್ನೊಂದು ಪರದೆ ಬರೆಯುವ ಮಾತೇ ಇರಲಿಲ್ಲ. ಇದ್ದದ್ದು ಆ ಐದೇ, ಹೋದರೆ ಹೋದವು.

ನನ್ನ ವಿಷಯವನ್ನೂ ಹೇಳಿಬಿಡಬೇಕು. ಓದಿನಲ್ಲಿ ನಾನು ಅಷ್ಟಕ್ಕಷ್ಟೇ, ಹೊಲದಲ್ಲಿ ಅದಕ್ಕಿಂತ ಕಡಿಮೆ. ಆದರೆ ಯಾರ ದನಿಯೇ ಆಗಲಿ, ಒಂದು ಸಲ ಕಿವಿಗೆ ಬಿದ್ದರೆ ನಕಲು ಮಾಡದೆ ಬಿಡುತ್ತಿರಲಿಲ್ಲ. ಒಂದೇ ಉಸಿರಿಗೆ ಮಲಯಾಳ, ತಮಿಳು, ಕನ್ನಡ ಬೆರೆಸಿ ‘ಮುಂದೆ ಪೋ’ ಅನ್ನುವ ಬಸ್ ಕಂಡಕ್ಟರು, ನಾನು ಮೂರೇ ತಿಂಗಳು ಜೀಪು ಓಡಿಸಿದ ಚೆಟ್ಟಳ್ಳಿಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಸೀನುವ ಮೊದಲು ದೇವರ ಹೆಸರು ಹೇಳುವ ನಮ್ಮಪ್ಪ, ಎಲ್ಲರೂ ನನ್ನ ಗಂಟಲಲ್ಲಿದ್ದರು. ನನ್ನ ಸ್ವಂತ ದನಿ ಮಾತ್ರ ಹೇಗಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ನಾಟಕದಲ್ಲಿ ನಂದು ಹಾಸ್ಯದ ಪಾತ್ರ. ರಾಜನಿಗೆ ಮಾತು ಮರೆತುಹೋದಾಗ ಜನರನ್ನು ನಗಿಸುತ್ತಾ ನಿಲ್ಲುವುದು. ನಮ್ಮ ರಾಜ ಬಹಳ ಮರೆಯುತ್ತಿದ್ದ, ಹಾಗಾಗಿ ನನಗೆ ಕೆಲಸ ಇತ್ತು.

ಪರದೆ ತಾತ ನನ್ನ ಅತಿ ಒಳ್ಳೆಯ ಐಟಂ. ಅವರು ಮಾತಿಲ್ಲದೆ ಒಂದು ಮೊಳೆಯನ್ನೂ ಹೊಡೆದವರಲ್ಲ. ಹಗ್ಗ ಎಳೆಯುವಾಗ ಹಗ್ಗದ ಜೊತೆ ಮಾತು, ರಾಟೆ ಕಿರುಗುಟ್ಟಿದರೆ ರಾಟೆಗೆ ಬೈಗುಳ. ಅವರ ಪರದೆಗಳಲ್ಲಿ ಅಲ್ಲಲ್ಲಿ ಅರ್ಧಚಂದ್ರದ ಹಾಗೆ ಸಣ್ಣ ಸಣ್ಣ ಸೀಳು ಇದ್ದವು. ಅರಮನೆಯಲ್ಲಿ ಕಿಟಕಿಯ ನೆರಳಿನೊಳಗೆ, ಕಾಡಿನಲ್ಲಿ ಎಲೆಗಳ ನಡುವೆ, ಹತ್ತಿರ ಹೋದರೆ ಮಾತ್ರ ಕಾಣುವಂತೆ. ಇಲಿ ಕಡಿದಿದೆಯಾ ಅಂತ ಒಂದು ಸಲ ಕೇಳಿದ್ದೆ.

‘ಇಲಿ ಅಲ್ಲ ಕಣ್ಲಾ, ನಾನೇ ಕುಯ್ದಿದ್ದು. ಬಯಲಲ್ಲಿ ಕಟ್ಟೋ ಪರದೆ ಇದು. ಗಾಳಿ ನೆಂಟ ಇದ್ದಂಗೆ. ಬರಬ್ಯಾಡ ಅನ್ನಕಾಯ್ತದಾ? ಹೋಗಕ್ಕೊಂದು ದಾರಿ ಇಟ್ಟಿರ್ಬೇಕು, ಅಷ್ಟೇಯ.’

ಈ ಮಾತನ್ನು ನಾನು ಎಷ್ಟು ಸಲ, ಎಷ್ಟು ಜನರ ಮುಂದೆ ಅಂದು ತೋರಿಸಿದ್ದೇನೋ ಲೆಕ್ಕವಿಲ್ಲ. ‘ಅಷ್ಟೇಯ’ ಅನ್ನುವಾಗ ಗಂಟಲಲ್ಲಿ ಬರುತ್ತಿದ್ದ ಸಣ್ಣ ಕೀರಲು ಸಮೇತ. ಪ್ರತಿ ಸಲವೂ ಚಪ್ಪಾಳೆ.

ಪರದೆಗಳಿಗೆ ಮನೆ ಇಲ್ಲದಂತಾದದ್ದು ಒಂದು ಮಳೆಗಾಲದಲ್ಲಿ. ಇಪ್ಪತ್ತಡಿ ಬಿದಿರಿಗೆ ಸುತ್ತಿಟ್ಟ ಪರದೆಗಳು ಯಾವ ಕೋಣೆಗೂ ಹಿಡಿಸುವಂಥವಲ್ಲ; ಅವಕ್ಕೆಂದೇ ತಾತ ಹಿತ್ತಲಲ್ಲಿ ಮಣ್ಣಿನ ಗೋಡೆಯ ಉದ್ದನೆಯ ಕೊಟ್ಟಿಗೆ ಕಟ್ಟಿಕೊಂಡಿದ್ದರು. ಅದು ಕೂತುಹೋಯಿತು. ಅಲ್ಲಿಂದ ಮುಂದೆ ಪರದೆಗಳು ಒಬ್ಬರ ಜಗಲಿಯಿಂದ ಇನ್ನೊಬ್ಬರ ಜಗಲಿಗೆ ನೆಂಟರ ಹಾಗೆ ತಿರುಗಿದವು. ಬೇಸಿಗೆ ಬಂದಾಗ ನಮ್ಮೂರೂ ಸೇರಿ ಮೂರು ಊರಿನವರು ನಾಟಕಕ್ಕೆ ತಾತನನ್ನು ಕೇಳಿದರು. ಎಲ್ಲರೂ ಫ್ಲೆಕ್ಸ್ ಕಟ್ಟಲು ಶುರು ಮಾಡಿ ನಾಲ್ಕು ವರ್ಷದಿಂದ ಯಾರೂ ಕೇಳದೆ ಇದ್ದವರನ್ನು. ತಾತ ಮೀಸೆಗೆ ಎಣ್ಣೆ ಹಚ್ಚಿದರು. ನಾನು ಫೋನಿನಲ್ಲಿ ಒಂದು ಟೆಂಟು ತರಿಸಿಕೊಟ್ಟೆ. ಸಾಮಾನು ಇಡುವ, ಬೇಕೆಂದಾಗ ಬಿಚ್ಚಿ ಮಡಚುವ ಟೆಂಟು, ಸರಿಯಾಗಿ ಇಪ್ಪತ್ತಡಿ ಉದ್ದ. ಊರಿಗೆ ಇಂಥದು ಮೊದಲನೆಯದು. ಗುಂಡಿ ಒತ್ತಿದ್ದು ಬಿಟ್ಟರೆ ನಾನೇನೂ ಮಾಡದಿದ್ದರೂ ನಾನೇ ನೇಯ್ದವನ ಹಾಗೆ ಓಡಾಡಿದೆ.

ಪೆಟ್ಟಿಗೆಯಲ್ಲಿ ಕಬ್ಬಿಣದ ಪೈಪು, ದಪ್ಪನೆಯ ಬೂದು ಬಟ್ಟೆ, ಹುಲ್ಲುಹಾಸಿನ ಮೇಲೆ ಟೆಂಟು ಹಾಕಿ ನಗುತ್ತಿರುವ ಬಿಳಿ ಗಂಡ ಹೆಂಡತಿಯ ಚಿತ್ರ, ಮತ್ತೆ ನೆಲಕ್ಕೆ ಹೊಡೆಯಲು ಬೆರಳುದ್ದದ ಎಂಟು ಕಡ್ಡಿ. ತಾತ ಒಂದನ್ನು ಎತ್ತಿ ಬಿಸಿಲಿಗೆ ಹಿಡಿದರು.

‘ಏನ್ಲಾ ಇದು, ಹಲ್ಲಿಗೆ ಚುಚ್ಕಳದಾ?’

‘ಗೂಟ ತಾತ. ಕಂಪನಿ ಗೂಟ.’

‘ಅವರೂರ್ನಾಗೆ ಗಾಳಿ ನಿಂತ್ಕಂಡು ಬೀಸ್ತದೇನೋ.’

ಆಮೇಲೆ ಎರಡು ದಿನ ಅವರದ್ದೇ ದರ್ಬಾರು. ಕಾಫಿ ಗಿಡದ ಗಟ್ಟಿ ಕೊಂಬೆಗಳನ್ನು ತರಿಸಿ ಮೊಳಕೈ ಉದ್ದಕ್ಕೆ ಗೂಟ ಕೆತ್ತಿಸಿದರು. ಗೂಟವನ್ನು ನೆಟ್ಟಗೆ ಹೊಡೆಯುವಂತಿಲ್ಲ. ಟೆಂಟಿಗೆ ಬೆನ್ನು ತಿರುಗಿಸಿಕೊಂಡು ಮುನಿಸಿಕೊಂಡವರ ಹಾಗೆ ಹೊರಕ್ಕೆ ವಾಲಿರಬೇಕು. ‘ಎಳೆಯೋ ಎತ್ತಿಗೆ ಎದುರಾಗಿ ಕಾಲೂರ್ದಂಗೆ!’ ಗಾಳಿ ಬರುವ ಹೊಳೆ ಕಡೆಯ ಎರಡು ಮೂಲೆಗೆ ಗೂಟ ಸಾಲದೆಂದು ಅಲ್ಲಿ ಸೊಂಟದಾಳ ಗುಂಡಿ ತೋಡಿ, ಹಗ್ಗ ಕಟ್ಟಿದ ಮರದ ತುಂಡೊಂದನ್ನು ಅಡ್ಡ ಮಲಗಿಸಿ, ಮಣ್ಣು ಮುಚ್ಚಿ ತುಳಿಸಿದರು. ತುಳಿದವನು ನಾನು. ಸುತ್ತ ನೀರು ಹರಿದುಹೋಗಲು ಕಾಲುವೆ, ಒಳಗೆ ಸಾಲಾಗಿ ಕಲ್ಲು, ಕಲ್ಲಿನ ಮೇಲೆ ತಾತನ ಹೆಂಡತಿ ಅಜ್ಜಿಯ ಹಳೇ ಸೀರೆಗಳಲ್ಲಿ ಸುತ್ತಿದ ಐದು ಪರದೆ. ಬಾಗಿಲಿನ ಜಿಪ್ಪು ಮಾತ್ರ ಮೊದಲ ದಿನವೇ ಹೋಯಿತು. ಅಂಗಡಿ ಶಟರ್ ಎಳೆಯುವ ಸದ್ದನ್ನು ಬಾಯಲ್ಲಿ ಮಾಡುತ್ತಾ ನಾನು ನಾಲ್ಕು ಸಲ ಎಳೆದು ತೋರಿಸಿದೆ. ಐದನೇ ಸಲಕ್ಕೆ ಅದು ನನ್ನ ಕೈಯಲ್ಲೇ ಉಳಿಯಿತು. ಬಾಗಿಲಿಗೆ ಹಗ್ಗ ಕಟ್ಟಿದೆವು.

ಕೊನೆಗೆ ತಾತ ಟೆಂಟಿನ ಹಿಂಬದಿಗೆ ಹೋದರು. ಅಲ್ಲೊಂದು ಮಡಿಕೆ ಇತ್ತು, ಇನ್ನೊಂದು ಬಾಗಿಲಿನ ಹಾಗೆ ಬಿಚ್ಚಿಕೊಳ್ಳುವಂಥದು. ಗೋಣಿಚೀಲ ಹೊಲಿಯುವ ಒಂದೆಳೆ ದಾರ ತಗೊಂಡು ಅದನ್ನು ಕಟ್ಟತೊಡಗಿದರು. ಕೈ ನಡುಗುತ್ತಿದ್ದರಿಂದ ದಾರದ ಒಂದು ತುದಿ ಹಲ್ಲಿನಲ್ಲಿ. ಹಾಗಾಗಿ ಆ ಒಂದು ಕೆಲಸ ಮಾತಿಲ್ಲದೆ ನಡೆಯಿತು. ನನ್ನ ಕಡೆ ತಿರುಗಿ ‘ಹ್ಞೂಂ… ಹ್ಞೂಂ ಹ್ಞೂಂ’ ಅಂದರು, ಬೆರಳಲ್ಲಿ ಮುಂದಿನ ಬಾಗಿಲು ತೋರಿಸಿ, ಆಮೇಲೆ ಈ ಮಡಿಕೆ ತೋರಿಸಿ. ನಾನು ಅವರ ಬೆರಳು ನೋಡಲಿಲ್ಲ, ಮುಖ ನೋಡಿದೆ. ಹುಬ್ಬು ಹೇಗೆ ಏರುತ್ತದೆ, ಮೂಗಿನಲ್ಲಿ ದನಿ ಹೇಗೆ ಬರುತ್ತದೆ… ಹೊಸ ಐಟಂ ಸಿಕ್ಕಿತು ಅಂತ ಅನಿಸಿತು.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಆಕಾಶ ಕಪ್ಪಿಟ್ಟಿತು. ತಾತ ಯಾವುದೋ ಊರಿಗೆ ನಾಟಕದ ಮಾತುಕತೆಗೆ ಹೋಗಿದ್ದರು. ಒಂದು ಸಲ ನೋಡಿಬರೋಣ ಅಂತ ಟೆಂಟು ಸುತ್ತಿದೆ. ಎಲ್ಲ ಕಡೆ ಹಗ್ಗ ಬಿಗಿಯಾಗಿದೆ, ಹಿಂಬದಿಯಲ್ಲಿ ಮಾತ್ರ ಆ ಒಂದೆಳೆ ದಾರ. ಪಾಪ, ವಯಸ್ಸಾಯಿತು, ಹಗ್ಗ ಮುಗಿದಿರಬೇಕು ಅಂದುಕೊಂಡೆ. ದಾರ ಕಿತ್ತು ಬಿಸಾಡಿ, ಬೈಕಿನಲ್ಲಿದ್ದ ನೈಲಾನ್ ಹಗ್ಗ ತಂದು ಆರು ಕಡೆ ಬಿಗಿದೆ. ಕೊನೆಗೊಂದು ಗಂಟು, ತುದಿ ಎರಡೂ ಚಿಟ್ಟೆಯ ಹಾಗೆ ನಿಲ್ಲುವಂತೆ. ಆ ಗಂಟು ನಮ್ಮೂರಿನಲ್ಲಿ ನನಗೊಬ್ಬನಿಗೇ ಬರುತ್ತಿತ್ತು. ಅದೂ ನನ್ನದೊಂದು ಹೆಮ್ಮೆ.

ಗಾಳಿ ಎದ್ದಾಗ ನಾನು ಕುಶಾಲನಗರದ ಟೀ ಅಂಗಡಿಯೊಂದರಲ್ಲಿ, ಹಲ್ಲಲ್ಲಿ ಸ್ಟ್ರಾ ಕಚ್ಚಿಕೊಂಡು, ನಾಲ್ಕು ಜನಕ್ಕೆ ‘ಹ್ಞೂಂ ಹ್ಞೂಂ’ ಮಾಡಿ ತೋರಿಸುತ್ತಿದ್ದೆ. ಆಲಿಕಲ್ಲು ಬಿದ್ದು ಎದುರಿನ ಅಂಗಡಿಯ ತಗಡು ಹಾರಿದಾಗ ಬೈಕು ಹತ್ತಿದೆ.

ಊರು ತಲುಪುವಷ್ಟರಲ್ಲಿ ಗಾಳಿ ನಿಂತು ಬರೀ ಮಳೆ. ಟೆಂಟು ಜಾಗದಲ್ಲಿರಲಿಲ್ಲ. ಕೆಳಗಿನ ಶುಂಠಿ ಪಾತಿಯಲ್ಲಿ ಅಂಗಾತ ಬಿದ್ದಿತ್ತು. ಮುಂದಿನ ಬಾಗಿಲು ಕಿತ್ತು ಒಳಗೆ ನುಗ್ಗಿದ ಗಾಳಿಗೆ ಹಿಂದೆ ದಾರಿ ಸಿಕ್ಕಿರಲಿಲ್ಲ. ಅದು ಟೆಂಟನ್ನೇ ಎತ್ತಿತ್ತು. ಹೂತಿಟ್ಟ ಮರದ ತುಂಡುಗಳು ಅಲ್ಲಾಡಿರಲಿಲ್ಲ, ಅವಕ್ಕೆ ಕಟ್ಟಿದ್ದ ಹಗ್ಗಗಳ ತುದಿಗೆ ಟೆಂಟಿನ ಕಿತ್ತ ಚೂರುಗಳು ನೇತಾಡುತ್ತಿದ್ದವು. ಹಾರುವ ಪೈಪಿಗೆ ಸಿಕ್ಕ ಪರದೆಗಳು ಸೀರೆ ಬಿಚ್ಚಿಕೊಂಡು ಇಳಿಜಾರಿನಲ್ಲಿ ಉರುಳಿ ಹರಡಿಕೊಂಡಿದ್ದವು. ಅರಮನೆ ಮೇಲೆ ಮಳೆ ಸುರಿಯುತ್ತಿತ್ತು. ಗುಲಾಬಿ ಕಂಬಗಳು ಕರಗಿ ಕಾಡಿನ ಪರದೆಗೆ ಹರಿಯುತ್ತಿದ್ದವು, ಕಾಡಿನ ಹಸಿರು ತಾತನೇ ತೋಡಿಸಿದ ಕಾಲುವೆ ಹಿಡಿದು ಅಚ್ಚುಕಟ್ಟಾಗಿ ಹೋಗುತ್ತಿತ್ತು. ನಾಲ್ಕು ಹೋಗಿದ್ದವು. ಅಡಿಯಲ್ಲಿ ಸಿಕ್ಕಿಕೊಂಡಿದ್ದ ಬೀದಿ ಪರದೆ ಒಂದು ಉಳಿದಿತ್ತು.

ತಾತ ನನಗಿಂತ ಮೊದಲೇ ಬಂದಿದ್ದರು. ಟೆಂಟಿನ ಹಿಂಬದಿಯ ಹತ್ತಿರ ಕೂತು ಆ ಚಿಟ್ಟೆ ಗಂಟನ್ನು ನೋಡುತ್ತಿದ್ದರು. ಬೈಗುಳಕ್ಕೆ ನಾನು ತಯಾರಾಗಿ ನಿಂತೆ. ಅವರ ಬೈಗುಳ ಎಲ್ಲವೂ ನನಗೆ ಬಾಯಿಪಾಠ ಇತ್ತು.

‘ಚೆನ್ನಾಗಿ ಕಟ್ಟಿದೀಯ ಕಣಪ್ಪ,’ ಅಂದರು. ‘ಬಿಚ್ಚೇ ಇಲ್ಲ ನೋಡು.’

ಆಮೇಲೆ ನಡುಗುವ ಕೈಯಲ್ಲೇ ಗಂಟು ಬಿಚ್ಚಲು ಕೂತರು. ತುಂಬ ಹೊತ್ತು ಹಿಡಿಯಿತು. ನಾನು ಬಿಚ್ಚಿಕೊಡುತ್ತೇನೆ ಅನ್ನಬಹುದಿತ್ತು. ನನ್ನ ದನಿಯಲ್ಲೂ ಬರಲಿಲ್ಲ, ಬೇರೆಯವರ ದನಿಯಲ್ಲೂ ಬರಲಿಲ್ಲ. ಅವರು ಹಗ್ಗವನ್ನು ಸುರುಳಿ ಸುತ್ತಿ ನನ್ನ ಹೆಗಲಿಗೆ ಹಾಕಿ, ಮನೆಗೆ ಹೋದರು.

ಆ ಬೇಸಿಗೆಯ ಮೂರು ಊರಲ್ಲಿ ಎರಡು ಊರಿನವರು ಫ್ಲೆಕ್ಸ್ ತರಿಸಿಕೊಂಡರು. ನಮ್ಮೂರಿನವರು ಮಾತ್ರ ತಾತನಿಗೇ ಬಿಟ್ಟರು. ಇಡೀ ನಾಟಕಕ್ಕೆ ಒಂದೇ ಬೀದಿ ಪರದೆ. ರಾಜ ಬೀದಿಯಲ್ಲಿ ದರ್ಬಾರು ಮಾಡಿದ, ರಾಣಿ ಬೀದಿಯಲ್ಲಿ ಹೂ ಕೊಯ್ದಳು, ಹೆಣವನ್ನೂ ಬೀದಿಯಲ್ಲೇ ಸುಟ್ಟರು. ಜನ ನಕ್ಕರು. ಎರಡನೇ ದೃಶ್ಯದ ಹೊತ್ತಿಗೆ ನಗಿಸುವ ಕೆಲಸವೂ ನನಗೆ ಉಳಿದಿರಲಿಲ್ಲ. ತಾತ ಮಾತ್ರ ಪ್ರತಿ ದೃಶ್ಯಕ್ಕೂ ಅದೇ ಪರದೆಯನ್ನು ಮೇಲಕ್ಕೆಳೆದು, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಅದನ್ನೇ ಇಳಿಸಿದರು. ಹಗ್ಗದ ಜೊತೆ ಒಂದು ಮಾತೂ ಇಲ್ಲ.

ಮುಂದಿನ ವರ್ಷ ಅವರನ್ನು ಯಾರೂ ಕೇಳಲಿಲ್ಲ. ಅದರ ಮುಂದಿನ ಮಳೆಗಾಲದಲ್ಲಿ ಹೋದರು, ಜ್ವರ ಅಂತ ಮಲಗಿ ನಾಲ್ಕನೇ ದಿನ. ದಾರದ ವಿಷಯ ನಮ್ಮಿಬ್ಬರ ಮಧ್ಯೆ ಮತ್ತೆ ಬಂದಿರಲಿಲ್ಲ. ಊರಿನ ಲೆಕ್ಕದಲ್ಲಿ ಅದು ಗಾಳಿಯ ತಪ್ಪು. ತಾತ ಹಾಗೇ ಹೇಳಿಬಿಟ್ಟಿದ್ದರು.

ತಿಥಿಯ ದಿನ ಎಲೆ ಎತ್ತಿದ ಮೇಲೆ ಅಜ್ಜಿ ನನ್ನನ್ನು ಕರೆದರು. ‘ಒಂದ್ಸಲ ಮಾತಾಡ್ಸೋ ಮಗ.’ ಯಾರನ್ನು ಅಂತ ಕೇಳಬೇಕಿರಲಿಲ್ಲ. ಕಂಪನಿ ಗೂಟದಿಂದ ಶುರು ಮಾಡಿದೆ. ನೆಂಟನ ಹಾಗೆ ಗಾಳಿ, ಮುನಿಸಿಕೊಂಡ ಗೂಟ, ರಾಟೆಗೆ ಬೈಗುಳ. ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕರು. ‘ಗೂಟ ಅನ್ನೋವಾಗ ಮೂಗು ಉಜ್ಜತಿದ್ರು, ಅದು ಬಿಟ್ಟೆ,’ ಅಂತ ತಿದ್ದಿದರು ಕೂಡ. ಉಜ್ಜಿ ತೋರಿಸಿದೆ. ಗಂಟಿನ ಹತ್ತಿರ ಕೂತು ಅಂದ ಆ ಒಂದು ಮಾತನ್ನು ಮಾತ್ರ ಮಾಡಲಿಲ್ಲ. ಅವತ್ತೂ ಇಲ್ಲ, ಮತ್ತೆ ಯಾವತ್ತೂ ಇಲ್ಲ.

ಈ ಸಲ ಜೋಳ ಮುರಿದು ಮೂಟೆ ಕಟ್ಟಿದ ಮೇಲೂ ಮಳೆ ಬಿಡಲಿಲ್ಲ. ಹಾಗಾಗಿ ಟೆಂಟು ಇಳಿಸಿದ್ದು. ಕಿತ್ತ ಮೂಲೆಗಳನ್ನು ಛತ್ರಿ ರಿಪೇರಿಯವನ ಹತ್ತಿರ ಹೊಲಿಸಿದೆ. ಕಾಫಿ ಕೊಂಬೆಯ ಗೂಟ, ಹೊರಕ್ಕೆ ವಾಲಿಸಿ. ಹೊಳೆ ಕಡೆಯ ಮೂಲೆಗೆ ಗುಂಡಿ, ಅಡ್ಡ ಮರ. ತುಳಿದವನು ಈ ಸಲವೂ ನಾನೇ. ಹಿಂಬದಿಯ ಮಡಿಕೆಗೆ ಗೋಣಿ ದಾರದ ಒಂದೆಳೆ. ನನ್ನ ಕೈ ನಡುಗುವುದಿಲ್ಲ, ಆದರೂ ಒಂದು ತುದಿಯನ್ನು ಹಲ್ಲಲ್ಲೇ ಕಚ್ಚಿಕೊಂಡೆ. ಬಾಗಿಲಲ್ಲಿ ನಿಂತಿದ್ದ ಅವ್ವ ‘ಅದ್ಯಾಕೋ ಅಲ್ಲೊಂದು ಕಡೆ ಬರೀ ದಾರ?’ ಅಂದಳು. ‘ಹ್ಞೂಂ… ಹ್ಞೂಂ ಹ್ಞೂಂ,’ ಅಂದೆ. ಬೇರೆ ಏನೂ ಹೇಳಲು ಆಗುವುದಿಲ್ಲ, ನಿಜವಾಗಿಯೂ.

ಮೂರನೇ ದಿನ ಮಧ್ಯಾಹ್ನ ಗಾಳಿ ಬಂತು. ಮುಂದಿನ ಬಾಗಿಲು ಕಿತ್ತಿತು. ಟೆಂಟು ಒಂದು ಸಲ ಉಬ್ಬಿ, ಹಿಂದೆ ಏನೋ ಟಪ್ಪೆಂದು, ಆಮೇಲೆ ಎರಡೂ ತುದಿ ಬಡಿದುಕೊಳ್ಳುತ್ತಾ ಅಲ್ಲೇ ನಿಂತಿತು. ಮುಂದಿನ ಸಾಲಿನ ಎರಡು ಮೂಟೆಗೆ ಎರಚಲು ಹೊಡೆದಿತ್ತು, ಮಿಕ್ಕದ್ದು ಒಣಗಿದ್ದ ಹಾಗೇ ಇತ್ತು.

ಮಳೆ ನಿಂತ ಮೇಲೆ ಹಿಂಬದಿಗೆ ಹೋಗಿ ಕೂತೆ. ಯಾರೂ ಇರಲಿಲ್ಲ. ‘ಚೆನ್ನಾಗಿ ಕಟ್ಟಿದೀಯ ಕಣಪ್ಪ,’ ಅಂತ ತಾತನ ದನಿಯಲ್ಲಿ ಅಂದು ನೋಡಿದೆ. ಬರಲಿಲ್ಲ. ಅದರಲ್ಲಿ ಸಿಟ್ಟಿತ್ತೋ ಇಲ್ಲವೋ, ‘ಕಣಪ್ಪ’ ಎಲ್ಲಿ ಇಳಿಯುತ್ತಿತ್ತು… ಇನ್ನೊಂದು ಸಲ ಕೇಳಿಸಿಕೊಂಡಿದ್ದರೆ ಹಿಡಿದುಬಿಡುತ್ತಿದ್ದೆ.

ಕಿತ್ತ ದಾರದ ಎರಡು ತುದಿ ಮಡಿಕೆಯ ಎರಡು ಕಡೆ ನೇತಾಡುತ್ತಿದ್ದವು. ಸಂಜೆಗೆ ಮತ್ತೆ ಗಾಳಿ ಬರುವ ಹಾಗಿತ್ತು. ಇನ್ನೊಂದೆಳೆ ದಾರ ತರಲು ಒಳಗೆ ಹೋದೆ.