ಮಗಳ ಮನೆಯ ಚಹಾಕ್ಕೆ ಹತ್ತು ರೂಪಾಯಿ

ಹೋದ ಭಾನುವಾರ ಅಪ್ಪ ನಮ್ಮ ಮನೆಯಲ್ಲಿ ಚಹಾ ಕುಡಿದರು. ಕುಡಿದು, ಕಪ್ಪಿನ ಪಕ್ಕ ಹತ್ತು ರೂಪಾಯಿ ನೋಟು ಇಟ್ಟರು.

“ಅಪ್ಪಾ, ಇದೇನ್ರಿ?”

“ಚಹಾದ್ದು.”

ಇದು ಹೋಟೆಲ್ ಅಲ್ಲ. ನಗರದ ಖರಾಡಿ ಬಡಾವಣೆಯಲ್ಲಿ ನಾನೂ ನನ್ನ ಗಂಡನೂ ಕೊಂಡ ಮೊದಲ ಫ್ಲ್ಯಾಟು. ಅದರ ಡೌನ್ ಪೇಮೆಂಟ್ ಕೊಟ್ಟವರು ಯಾರು ಗೊತ್ತೆ? ಇದೇ ಅಪ್ಪ!

ನಮ್ಮದು ವಿಜಯಪುರದ ಕಡೆಯ ಮನೆತನ. ಅಪ್ಪ ಈ ಮರಾಠಿ ಸೀಮೆಗೆ ಬಂದು, ಘಾಟಿಯಾಚೆಯ ಸಾಸವಡದಲ್ಲಿ ಬಟ್ಟೆ ಅಂಗಡಿ ಇಟ್ಟು ಅಲ್ಲೇ ನೆಲೆನಿಂತವರು. ಮದುವೆ ಮಾಡಿ ಕೊಟ್ಟ ಮಗಳ ಮನೆಯಲ್ಲಿ ಪುಕ್ಕಟೆ ನೀರೂ ಕುಡಿಯಬಾರದು ಎನ್ನುವುದು ನಮ್ಮ ಮನೆಯ ಹಳೆಯ ಕಟ್ಟಳೆ. ಕುಡಿದರೆ ಏನಾದರೂ ಇಟ್ಟೇ ಏಳಬೇಕು. ಮೊಮ್ಮಗು ಹುಟ್ಟಿದರೆ ಮಾತ್ರ ಮಾಫಿ. (ಈ ಒಂದು ವಿನಾಯಿತಿಯನ್ನು ಅವ್ವ ಆಗಾಗ ನೆನಪಿಸುತ್ತಾಳೆ.) ಹೊಸ ಮನೆಗೆ ಅವರದೇ ದುಡ್ಡು ಬಿದ್ದಿದೆಯಲ್ಲ, ಇನ್ನು ಈ ಕಟ್ಟಳೆ ಇರುವುದಿಲ್ಲ ಅಂದುಕೊಂಡಿದ್ದೆ. ಎಲ್ಲಿಯ ಮಾತು!

ಆಫೀಸಿನಲ್ಲಿ ಇದನ್ನು ಹೇಳಿದಾಗ ಬೆಂಗಳೂರಿನ ಗೆಳತಿ ಶ್ರುತಿ ನಿಟ್ಟುಸಿರು ಬಿಟ್ಟಳು. “ಲಕ್ಕಿ ಕಣೇ ನೀನು. ನಮ್ಮಪ್ಪಾನೂ ಡೌನ್ ಪೇಮೆಂಟ್‌ಗೆ ದುಡ್ಡು ಕೊಟ್ರು. ಈಗ ಕಿಚನ್ ಟೈಲ್ಸ್ ಅವರ ಚಾಯ್ಸು, ಕರ್ಟನ್ನೂ ಅವರ ಚಾಯ್ಸು. ಒಂದು ಕೀ ಬೇರೆ ಇಟ್ಕೊಂಡಿದ್ದಾರೆ. ಬೆಲ್ ಒತ್ತೋದೇ ಇಲ್ಲ!”

ವಿಚಿತ್ರ ನೋಡಿ. ಅವಳಪ್ಪ ಕೊಟ್ಟ ಮೇಲೂ ಕೈ ಬಿಡಲಿಲ್ಲ. ನಮ್ಮಪ್ಪ ಕೊಟ್ಟ ಮೇಲೆ ಕೈಯಿಂದ ಮುಟ್ಟಲೂ ಒಲ್ಲರು. ಹಾಗಾದರೆ ಇವೆರಡರಲ್ಲಿ ನಿಜವಾಗಿ ಕೊಡುವುದು ಅಂದರೆ ಯಾವುದು?

ನನಗೆ ಈ ಪ್ರಶ್ನೆ ತುರ್ತಿನದು. ಮುಂದಿನ ವಾರ ಅಪ್ಪನ ಕಣ್ಣಿನ ಪೊರೆಯ ಆಪರೇಷನ್. ಆಸ್ಪತ್ರೆ ನಮ್ಮ ಮನೆಗೆ ಕೂಗಳತೆಯಲ್ಲಿದೆ. ಆಪರೇಷನ್ ಆದ ಕಣ್ಣಿಟ್ಟುಕೊಂಡು ಅವರು ಸಾಸವಡದಿಂದ ಘಾಟಿ ಇಳಿದು, ಆ ಧೂಳು, ಆ ಟ್ರಾಫಿಕ್ಕಿನಲ್ಲಿ ಚೆಕಪ್‌ಗೆ ಓಡಾಡಬೇಕೆ? ನಮ್ಮಲ್ಲೇ ಎಂಟು ದಿನ ಇರಲಿ ಎಂಬುದು ನನ್ನ ಹಟ. ಆದರೆ ಒಂದು ಕಪ್ ಚಹಾವನ್ನೇ ಪುಕ್ಕಟೆ ಕುಡಿಯದವರು ಎಂಟು ದಿನ ಉಣ್ಣುತ್ತಾರೆಯೆ?

ನಿನ್ನೆ ಫೋನಿನಲ್ಲಿ ಕೇಳಿಯೇಬಿಟ್ಟೆ. “ಅಪ್ಪಾ, ರೊಕ್ಕ ಕೊಟ್ಟವ್ರು ನೀವು. ನಿಮ್ಮ ಮನ್ಯಾಗ ನೀವು ಇರಾಕ ಏನ್ ಅಡ್ಡಿ ಅದರಿ?”

“ಕೊಟ್ಟಮ್ಯಾಲ ಅದು ನಂದೆಲ್ಲಿ ಉಳೀತವ್ವಾ? ನಂದು ಅಂದ್ರ ಕೊಟ್ಟಂಗ ಆಗೂದಿಲ್ಲ.”

ಇದಕ್ಕೆ ಏನು ಹೇಳುತ್ತೀರಿ? ನನಗೆ ಸಿಟ್ಟೂ ಬಂತು, ಅಳುವೂ ಬಂತು. “ಬರೇ ನೀವ ಕೊಡಾವ್ರೇನು? ನನಗ ಕೊಡೂ ಪಾಳಿ ಯಾವಾಗ ಬರ್ತದರಿ?” ಅಂದೆ.

ಆ ಕಡೆ ಅವ್ವನ ಜೊತೆ ಗುಸುಗುಸು. ಆಮೇಲೆ ಅಪ್ಪನ ದನಿ: “ಬರ್ತೀವಿ. ಆದ್ರ ಎಂಟು ದಿನದ ಬಾಡಿಗಿ ತೊಗೋಬೇಕು. ಎಷ್ಟು, ಹೇಳು.”

“ಹತ್ತು ರೂಪಾಯಿ,” ಅಂದೆ. “ಹೋದ ವಾರಾನ ಕೊಟ್ಟೀರಿ.”

ಅಪ್ಪ ನಕ್ಕರು. ಬರುತ್ತಾರೆ, ನನಗೆ ಅಷ್ಟೇ ಸಾಕು. ಆದರೂ ತಲೆಯಲ್ಲಿ ಒಂದು ಹುಳ ಉಳಿದಿದೆ. ಇಡೀ ಡೌನ್ ಪೇಮೆಂಟನ್ನೇ ಪುಕ್ಕಟೆ ಇಸಿದುಕೊಂಡ ನನಗೆ ಇಲ್ಲದ ಸಂಕೋಚ, ಒಂದು ಕಪ್ ಚಹಾಕ್ಕೆ ಅಪ್ಪನಿಗೇಕೆ?