ನಡುವಿನ ತಂತಿ

ಮಗಳು ಗಿಟಾರ್ ಕಲಿಯುತ್ತಿದ್ದಾಳೆ. ಇವತ್ತು ಆಕ್ಟೇವ್ ಅಂತೆ. ಒಂದು ತಂತಿಯಲ್ಲಿ ತಗ್ಗಿನ ಸ್ವರ, ನಡುವೆ ಒಂದು ತಂತಿ ಬಿಟ್ಟು ಇನ್ನೊಂದರಲ್ಲಿ ಅದೇ ಸ್ವರ ಮೇಲಕ್ಕೆ. ಎರಡನ್ನೂ ಒಟ್ಟಿಗೆ ಮೀಟಬೇಕು. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ನನಗೆ ಹಸಿ ಹೊಗೆಸೊಪ್ಪಿನ ವಾಸನೆ ಬಂತು.

ಬೆಟ್ಟದಪುರದ ಹತ್ತಿರ ನಮ್ಮೂರು. ಅಪ್ಪನಿಗೂ ದೊಡ್ಡಪ್ಪನಿಗೂ ಸೇರಿ ಸೊಪ್ಪು ಬೇಯಿಸುವ ಬ್ಯಾರನ್ ಮನೆ ಒಂದೇ. ಯಾರ ಸೊಪ್ಪು ಮೊದಲು ಹೋಗಬೇಕು ಅಂತ ಜಗಳವಾಗಿ ಅವ್ವನೂ ದೊಡ್ಡವ್ವನೂ ಮಾತು ಬಿಟ್ಟಿದ್ದರು. ಆದರೆ ಎಲೆಗಳನ್ನು ಕಡ್ಡಿಗೆ ಕಟ್ಟಲು ಇಬ್ಬರ ಕೈಯೂ ಬೇಕು. ಅದಕ್ಕೆ ನಡುವೆ ನನ್ನನ್ನು ಕೂರಿಸಿಕೊಳ್ಳುತ್ತಿದ್ದರು.

"ನಿಮ್ಮ ದೊಡ್ಡವ್ವನ್ನ ಕೇಳು, ದಾರ ಐತಾ ಅಂತ."

"ಐತೆ ಅಂತೇಳು."

ಬೆರಳೆಲ್ಲ ಅಂಟಂಟಾಗಿ ಕಪ್ಪಾಗುವ ಹೊತ್ತಿಗೆ ದೊಡ್ಡವ್ವ ತನ್ನ ಗಂಡುದನಿಯಲ್ಲಿ ಸೋಬಾನೆ ಶುರು ಮಾಡೋಳು. ಅವ್ವ ಅದನ್ನೇ ಸಣ್ಣ ದನಿಯಲ್ಲಿ ಮೇಲಕ್ಕೆ ಹಿಡಿಯೋಳು. ಮುಖ ನೋಡದಿದ್ದರೂ ಉಸಿರು ಮಾತ್ರ ಒಟ್ಟಿಗೇ ತಗೊಳ್ಳೋರು. ನಾನೂ ದನಿಗೂಡಿಸಿದರೆ ಇಬ್ಬರೂ ಒಂದೇ ಸಲ ಗದರೋರು: "ಸುಮ್ಕಿರು ಕಣೆ!"

ಆಮೇಲೆ ನನ್ನನ್ನು ಹುಣಸೂರಿನ ಹಾಸ್ಟೆಲಿಗೆ ಸೇರಿಸಿದರು. ದಸರಾ ರಜೆಗೆ ಬಂದು ನೋಡಿದರೆ ಸೊಪ್ಪು ಕಟ್ಟುವ ಚಪ್ಪರದ ಈ ತುದಿಗೆ ಅವ್ವ, ಆ ತುದಿಗೆ ದೊಡ್ಡವ್ವ. ಹಾಡಿಲ್ಲ.

"ಯಾಕವ್ವ, ಹಾಡಲ್ವಾ?" ಅಂದೆ.

"ನೀ ಇರ್ಲಿಲ್ವಲ್ಲ," ಅಂದಳು ಅವ್ವ, ಸೊಪ್ಪಿನಿಂದ ತಲೆ ಎತ್ತದೆ.

ಮಗಳು ಇನ್ನೂ ಮೀಟುತ್ತಿದ್ದಾಳೆ. "ನಡುವಿನ ತಂತಿ ಸದ್ದು ಮಾಡಬಾರದಮ್ಮ, ಬೆರಳು ತಾಗಿಸಿ ಸುಮ್ಮನಿರಿಸಬೇಕು. ಸುಮ್ಮನಿರೋದಾದ್ರೆ ಅದ್ಯಾಕಾದ್ರೂ ಬೇಕೋ!"

"ಬೇಕು ಕಣೆ," ಅಂದೆ.